ಬೇರೆ ಬೆರಳಿನ ಉಂಗುರ

ಗದಗಿನ ಗಂಡಸರು ಎಡಗೈಯನ್ನು ಕಿಸೆಯಲ್ಲಿಟ್ಟುಕೊಂಡು ಓಡಾಡಲು ಶುರುಮಾಡಿದ್ದು ನಾಳದುಂಗುರ ಬಂದ ಎರಡನೆಯ ವರ್ಷದಲ್ಲಿ. ಮೊದಲ ವರ್ಷ ಹಾಗಿರಲಿಲ್ಲ. ಮೂವತ್ತೈದು ದಾಟಿದ ಗಂಡಸರಿಗೆಲ್ಲ ಪುಕ್ಕಟೆ ಉಂಗುರ ಹಂಚಿದಾಗ ಜನ ಪಾಳಿ ಹಚ್ಚಿ ಹಾಕಿಸಿಕೊಂಡಿದ್ದರು. ಚಹಾದಂಗಡಿಯಲ್ಲಿ ಬೆರಳು ಚಾಚಿ ಒಬ್ಬರ ಹಸಿರು ದೀಪವನ್ನು ಇನ್ನೊಬ್ಬರದರ ಪಕ್ಕದಲ್ಲಿ ಹಿಡಿದು ನೋಡಿದ್ದರು. ಹೃದಯದ ರೋಗವನ್ನು ವರ್ಷಗಟ್ಟಲೆ ಮೊದಲೇ ಹಿಡಿಯುವ ಯಂತ್ರ ಮೊದಲು ತಮ್ಮ ಊರಿಗೇ ಬಂತೆಂಬ ಹೆಮ್ಮೆ ಎಲ್ಲರಿಗೂ ಇತ್ತು.

ಉಂಗುರ ಮಾಡುತ್ತಿದ್ದ ಕೆಲಸ ಅಷ್ಟೇನೂ ಜಟಿಲವಲ್ಲ. ಅದು ಆಗಾಗ ಬೆರಳನ್ನು ಮೆಲ್ಲಗೆ ಹಿಚುಕಿ ಬಿಡುತ್ತಿತ್ತು. ಬಿಟ್ಟ ಕೂಡಲೇ ರಕ್ತ ನುಗ್ಗಿ ಬರುವಾಗ ನಾಳ ಎಷ್ಟು ಬೇಗ ಅಗಲವಾಗುತ್ತದೆ ಎಂದು ಬೆಳಕು ಹಾಯಿಸಿ ಅಳೆಯುತ್ತಿತ್ತು. ಆರೋಗ್ಯವಂತನ ನಾಳದ ಒಳಪದರ ರಕ್ತ ಬಂದಾಗ ತಾನಾಗಿ ಸಡಿಲಾಗುತ್ತದೆ. ಆ ಪದರಕ್ಕೆ ಉರಿಯೂತ ತಗುಲಿದರೆ ನಾಳ ಬಿಗಿಯಾಗಿಯೇ ಉಳಿಯುತ್ತದೆ. ಉರಿಯೂತದ ಸುಳಿವನ್ನು ಉಂಗುರ ಬೆವರಿನಿಂದಲೂ ಮೈಯ ಬಿಸಿಯಿಂದಲೂ ಹಿಡಿಯುತ್ತಿತ್ತು. ಎಲ್ಲ ಸರಿಯಿದ್ದರೆ ಹಸಿರು, ಪದರ ಕೆಡತೊಡಗಿದ್ದರೆ ಹಳದಿ, ಆವತ್ತೇ ಆಸ್ಪತ್ರೆಗೆ ಹೋಗಬೇಕಾದರೆ ಕೆಂಪು. ದಾರಿಯಲ್ಲಿ ಬಿದ್ದವನನ್ನು ಕಂಡವರಿಗೆ ತಿಳಿಯಲಿ ಎಂದು ದೀಪವನ್ನು ಹೊರಗೆ ಇಟ್ಟಿದ್ದರು.

ಕೆಟ್ಟದ್ದು ಒಂದು ಭಾಷಣದಿಂದ. ಜಾಗೃತಿ ಶಿಬಿರದಲ್ಲಿ ಹಿರಿಯ ವೈದ್ಯರೊಬ್ಬರು ಮೈಕ್ ಹಿಡಿದು, ಉರಿಯೂತದ ಪೆಟ್ಟು ಮೊದಲು ಗೊತ್ತಾಗುವುದು ಸಪೂರ ನಾಳಗಳಲ್ಲಿ ಎಂದರು. ಗಂಡಸಿನ ಜನನಾಂಗದ ನಾಳ ಹೃದಯದ ನಾಳಕ್ಕಿಂತ ಎಷ್ಟೋ ಸಪೂರ. ಅದಕ್ಕೇ ಎದೆ ನೋಯುವ ಕೆಲವು ವರ್ಷ ಮೊದಲೇ ಹಲವರಿಗೆ ಹಾಸಿಗೆಯಲ್ಲಿ ಸೋಲು ಕಾಣಿಸಿಕೊಳ್ಳುತ್ತದೆ. ಹೆಂಡತಿಗೂ ಹೇಳಿಕೊಳ್ಳದ ಆ ಸೋಲು ಹೃದಯ ಕಳಿಸಿದ ಮೊದಲ ಸುದ್ದಿ, ಅದನ್ನು ಮುಚ್ಚಿಡಬೇಡಿ ಎಂದರು. ಹಳದಿ ಬಂದವರಿಗೆಲ್ಲ ಆ ತೊಂದರೆ ಇರುತ್ತದೆಂದಲ್ಲ, ಆ ತೊಂದರೆಗೆ ಚಿಂತೆ, ಸಕ್ಕರೆ ಕಾಯಿಲೆ, ಕೆಲವು ಗುಳಿಗೆಗಳೂ ಕಾರಣವಾಗಬಹುದು ಎಂದೂ ಹೇಳಿದ್ದರು. ಆದರೆ ಫೋನಿನಿಂದ ಫೋನಿಗೆ ಹರಿದಾಡಿದ ತುಣುಕಿನಲ್ಲಿ ಆ ಮಾತು ಇರಲಿಲ್ಲ. ಊರಿಗೆ ಉಳಿದದ್ದು ಒಂದೇ ಅರ್ಥ. ಯಾರದಾದರೂ ಬೆರಳು ಹಳದಿಯಾಗಿ ಕಂಡರೆ, "ಅವಗ ಎರಡನೇ ಸಲ ಅರಿಷಿಣ ಹಚ್ಯಾರ" ಎಂದು ಬೆನ್ನ ಹಿಂದೆ ನಗುತ್ತಿದ್ದರು. ವರ ನೋಡಲು ಹೋದವರು ಹುಡುಗನ ಅಪ್ಪನ ಬೆರಳನ್ನೂ ನೋಡಿ ಬರತೊಡಗಿದರು.

ಹಳದಿ ಬಂದವರಿಗೆ ಫೋನ್ ಮಾಡಿ ಕರೆಸುವ ಕೆಲಸ ದಾಕ್ಷಾಯಣಿಯದು. ಮುಳಗುಂದ ನಾಕಾದ ಹತ್ತಿರ ನಾಳ ಕೇಂದ್ರದ ಮೇಲಂತಸ್ತಿನಲ್ಲಿ ಅವಳ ಕೋಣೆ. ಗೋಡೆಯಗಲದ ಪರದೆಯ ಮೇಲೆ ಊರಿನ ಉಂಗುರಗಳೆಲ್ಲ ಚುಕ್ಕಿಗಳಾಗಿ ಮಿನುಗುತ್ತಿದ್ದವು. ಅಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ಸಂಖ್ಯೆಯ ಮೇಲೆ ಒತ್ತಿದರೆ ಫೋನ್ ತಾನೇ ಹೋಗುತ್ತಿತ್ತು.

"ನಮಸ್ಕಾರ್ರಿ, ನಾಳ ಕೇಂದ್ರದಿಂದ ಮಾತಾಡಾಕತ್ತೀವ್ರಿ."

"ರಾಂಗ್ ನಂಬರ್ ಐತಿ," ಎಂದು ಇಡುವವರು ಕೆಲವರು. "ನಂಗೇನ ಆಗೈತಿ? ದಿನಾ ನಾಕ ಮೈಲಿ ನಡಿತೀನಿ," ಎಂದು ಜಗಳಕ್ಕೆ ಬರುವವರು ಕೆಲವರು. ಒಬ್ಬ ಮೇಷ್ಟ್ರು ದನಿ ತಗ್ಗಿಸಿ, "ತಂಗಿ, ಮನಿಯವರ ಫೋನಿಗೆ ಮಾತ್ರ ಹಚ್ಚಬ್ಯಾಡವಾ," ಎಂದಿದ್ದರು. ದಾಕ್ಷಾಯಣಿ ಇಂಥ ಮಾತುಗಳನ್ನು ಮನೆಗೆ ಹೋಗಿ ಗಂಡನ ಮುಂದೆ ಹೇಳುತ್ತಿದ್ದಳು, ಒಮ್ಮೊಮ್ಮೆ ನಗುತ್ತ, ಒಮ್ಮೊಮ್ಮೆ ಬೇಸರದಿಂದ.

ಆ ಬೇಸಿಗೆಯಲ್ಲಿ ಕೇಂದ್ರದ ಮೇಲೆಯೇ ಸಂಕಟ ಬಂತು. ಹಸಿರು ಉಂಗುರದವರು ಎದೆ ಹಿಡಿದುಕೊಂಡು ಸತ್ತರು. ಮೊದಲು ನರೇಗಲ್ಲಿನ ಬ್ಯಾಂಕ್ ಮ್ಯಾನೇಜರ್, ಆಮೇಲೆ ಬೆಟಗೇರಿಯ ಸೀರೆ ವ್ಯಾಪಾರಿ ಶಂಕ್ರಪ್ಪ, ಅವರ ಹಿಂದೆಯೇ ಇನ್ನೊಬ್ಬರು. ಯಾರದೂ ಒಮ್ಮೆಯಾದರೂ ಹಳದಿಗೆ ತಿರುಗಿರಲಿಲ್ಲ. ಉಂಗುರವೇ ಸುಳ್ಳು ಎಂದು ಪತ್ರಿಕೆಗಳು ಬರೆದವು. ಯೋಜನೆ ಮುಂದುವರಿಸಬೇಕೋ ಬೇಡವೋ ಎಂದು ನಿರ್ಧರಿಸಲು ಬೆಂಗಳೂರಿನಿಂದ ಸಮಿತಿ ಬರುವುದಿತ್ತು. ಉಂಗುರದ ಹಿಂದೆ ಹನ್ನೆರಡು ವರ್ಷ ತೇದಿದ್ದ ಡಾ. ಝುಬೇದಾ ಕಿತ್ತೂರ ಊಟದ ಡಬ್ಬಿ ಬಿಚ್ಚುವುದನ್ನೇ ಮರೆಯುತ್ತಿದ್ದರು.

ದಾಕ್ಷಾಯಣಿಗೆ ಹಸಿರಿನ ಮೇಲೆ ಬೇರೆಯೇ ಒಂದು ಸಿಟ್ಟಿತ್ತು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಅವಳ ಗಂಡ ಚನ್ನವೀರ ಕಮಲಾ ಬ್ಯಾಂಡ್ ಕಂಪನಿಯ ಮಾಸ್ತರ. ಗದಗಿನಿಂದ ರೋಣದವರೆಗೆ ದೊಡ್ಡ ಮದುವೆಗಳೆಂದರೆ ಅವನದೇ ಬ್ಯಾಂಡು. ಕೆಂಪು ಕೋಟು, ಭುಜದ ಮೇಲೆ ಜರಿಯ ಗೊಂಡೆ, ಕೈಯಲ್ಲಿ ಟ್ರಂಪೆಟ್. ಮದುಮಗನ ಕುದುರೆಯ ಮುಂದೆ ಅವನು ಹಿಮ್ಮುಖವಾಗಿ ನಡೆಯುತ್ತ ಮೇಲಿನ ಸ್ವರಕ್ಕೆ ಏರಿದರೆ ಮುದುಕಿಯರೂ ಹೆಜ್ಜೆ ಹಾಕುತ್ತಿದ್ದರು. ಮನೆಯಲ್ಲೂ ಅವನು ಮಾತುಗಾರ. ಅಂಥವನು ಒಂದು ವರ್ಷದಿಂದ ಹಾಲ್‌ನ ಮಂಚದ ಮೇಲೆ ಮಲಗುತ್ತಿದ್ದ. ನಸುಕಿನಲ್ಲಿ ಮದುವೆಗೆ ಹೋಗಬೇಕು, ನಿನ್ನ ನಿದ್ದೆ ಯಾಕೆ ಕೆಡಿಸಲಿ ಎಂಬುದು ಮೊದಲ ನೆಪ. ಮದುವೆಗಳೇ ಇಲ್ಲದ ಆಷಾಢದಲ್ಲೂ ಅವನು ಒಳಗೆ ಬರಲಿಲ್ಲ. ಮಗಳು ಓದಲು ಧಾರವಾಡದ ಹಾಸ್ಟೆಲ್ ಸೇರಿದ್ದಳು, ಮನೆಯಲ್ಲಿ ಇಬ್ಬರೇ. ಆದರೂ ಅವಳು ಸೆರಗು ಸರಿಪಡಿಸಿಕೊಳ್ಳುತ್ತ ಹತ್ತಿರ ಬಂದರೆ ಅವನು ಟ್ರಂಪೆಟ್ ಒರೆಸಲು ಎದ್ದು ಹೋಗುತ್ತಿದ್ದ.

ಒಂದು ದಿನ ಅವಳೇ ಬಾಯಿ ಬಿಟ್ಟು ಕೇಳಿದ್ದಳು. "ರೀ, ಮೈಗೆ ಏನರ ತ್ರಾಸ ಐತೇನ್ರಿ? ಇದ್ರ ಹೇಳ್ರಿ. ನಾ ಆ ಕೆಲಸದಾಗ ಇದ್ದಾಕಿ."

ಅವನು ಎಡಗೈ ಎತ್ತಿ ತೋರಿಸಿದ್ದ. "ನೋಡು. ಹಸರ ಐತಿ. ನಂಗೇನಾಗೈತಿ?"

ಆ ಮಾತು ಅವಳೊಳಗೆ ಹೊಕ್ಕು ಕುಳಿತಿತು. ಅವನ ನಾಳ ಸರಿಯಿದ್ದರೆ, ಮೈ ಸರಿಯಿದ್ದರೆ, ಸರಿಯಿಲ್ಲದ್ದು ತಾನೇ ಅಲ್ಲವೇ. ಅವಳು ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಮೈ ತುಂಬಿಕೊಂಡಿತ್ತು, ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಬ್ಯಾಂಡಿನ ಜೊತೆ ಹಾಡಲು ಹುಬ್ಬಳ್ಳಿಯಿಂದ ಬರುತ್ತಿದ್ದ ಹುಡುಗಿಯ ಹೆಸರು ಅವನ ಬಾಯಲ್ಲಿ ಬಂದರೆ ಸಾಕು, ಅವಳ ಕೈಯ ಪಾತ್ರೆ ಜಾರುತ್ತಿತ್ತು. ಒಂದೆರಡು ಸಲ ಅವನು ಸ್ನಾನಕ್ಕೆ ಹೋದಾಗ ಫೋನನ್ನೂ ನೋಡಿದ್ದಳು. ಏನೂ ಸಿಗಲಿಲ್ಲ. ಸಿಗದಿದ್ದುದರಿಂದ ಸಂಶಯ ಇಳಿಯಲೂ ಇಲ್ಲ.

ಸಮಿತಿ ಬರುವ ಹಿಂದಿನ ವಾರ ಝುಬೇದಾ ಮೇಡಂ ಹೊಸದೊಂದು ಕೆಲಸ ಹಚ್ಚಿದರು. ಉಂಗುರಗಳು ಕಳಿಸಿದ ಮಾಹಿತಿಯಲ್ಲಿ ಕೈಯ ಅಲುಗಾಟದಿಂದ ಕೆಟ್ಟ ಭಾಗವನ್ನು ಯಂತ್ರ ಗದ್ದಲವೆಂದು ತಾನೇ ಬಿಸಾಕುತ್ತಿತ್ತು. ಆ ಬಿಸಾಕಿದ್ದನ್ನೇ ಕೈಯಾರೆ ಮತ್ತೆ ನೋಡಬೇಕೆಂದರು. ತಪ್ಪು ಎಲ್ಲಿ ಅಡಗಿದೆಯೋ ಅವರಿಗೂ ಗೊತ್ತಿರಲಿಲ್ಲ.

"ದಾಕ್ಷಾಯಣಿ, ಇಲ್ಲಿ ಬರ್ರಿ. ಇದೊಂದು ಮಜಾ ಅದ," ಎಂದು ಒಂದು ಮುಂಜಾನೆ ಕರೆದರು. "ಈ ಉಂಗುರ ಕೆಲವು ದಿನ ಮಾತ್ರ ಗದ್ದಲ ಮಾಡ್ತದ. ಮುಂಜಾನೆ ಶುರು ಆದ್ರ ಮಧ್ಯಾಹ್ನದ ತನಕ. ಗಿರಣಿಯೊಳಗ ಕೆಲಸ ಮಾಡ್ತಾನೋ ಏನೋ. ಸಪ್ಪಳ ಮಾಡಿ ಕೇಳಿಸ್ತೀನಿ ತಡೀರಿ."

ಕೈಯ ಅಲುಗಾಟವನ್ನು ಅವರು ಸದ್ದಿಗೆ ತಿರುಗಿಸಿದರು. ಸ್ಪೀಕರಿನಿಂದ ಒಣ ಟಕಟಕ ಶಬ್ದ ಬಂತು. ಮೊದಮೊದಲು ಅದಕ್ಕೆ ತಲೆಬುಡವಿರಲಿಲ್ಲ. ಆಮೇಲೆ ಒಂದು ಉದ್ದನೆಯ ಉರುಳು, ಅದರ ಕೊನೆಗೆ ಎರಡು ಬಿರುಸಾದ ಪೆಟ್ಟು, ಮೂರನೆಯದು ಬೀಳಬೇಕಾದಲ್ಲಿ ಕ್ಷಣ ಹಿಡಿದು ನಿಲ್ಲಿಸಿದ ಹಾಗೆ, ಆಮೇಲೆ ಪೆಟ್ಟು. ಮತ್ತೆ ಉರುಳು.

ದಾಕ್ಷಾಯಣಿ ಸ್ಪೀಕರಿನ ಕಡೆ ಬಗ್ಗಿದಳು. ಆ ಹಿಡಿದು ನಿಲ್ಲಿಸುವ ಚಟ ಯಾರದೆಂದು ಅವಳಿಗೆ ಗೊತ್ತಿತ್ತು. ಕಮಲಾ ಬ್ಯಾಂಡಿನ ಡ್ರಮ್ ಬಾರಿಸುವ ಫಕ್ಕೀರೇಶ. ಪ್ರತಿ ಅಮಾವಾಸ್ಯೆ ತಮ್ಮ ಮನೆಯ ಮುಂದೆಯೇ ರಿಯಾಜು ಮಾಡುವಾಗ ಚನ್ನವೀರ ಅದೇ ಜಾಗದಲ್ಲಿ, "ಅಲ್ಲೇ ಹಿಡೀಬ್ಯಾಡೋ, ಬಿಡು," ಎಂದು ಬೈಯುತ್ತಿದ್ದ.

"ಈ ಉಂಗುರದವರ ವಯಸ್ಸೆಷ್ಟು ಐತ್ರಿ ಮೇಡಂ?"

"ನಲವತ್ತನಾಲ್ಕು. ಯಾಕ?"

ಫಕ್ಕೀರೇಶನಿಗೆ ಇನ್ನೂ ಇಪ್ಪತ್ತಾರು. ಅವನ ವಯಸ್ಸಿನವರಿಗೆ ಉಂಗುರವನ್ನೇ ಕೊಟ್ಟಿರಲಿಲ್ಲ. ಆ ಬ್ಯಾಂಡಿನಲ್ಲಿ ನಲವತ್ತು ದಾಟಿದವನು ಒಬ್ಬನೇ.

ಮೊದಲು ಅವಳಿಗೆ ಆದದ್ದು ಸಮಾಧಾನ. ಅದನ್ನು ನೆನೆದರೆ ಮುಂದೆ ಎಷ್ಟೋ ದಿನ ಅವಳಿಗೆ ನಾಚಿಕೆಯಾಗುತ್ತಿತ್ತು. ಹಾಗಾದರೆ ತಾನು ಬೇಡವಾಗಿರಲಿಲ್ಲ. ಹಾಡುವ ಹುಡುಗಿಯೂ ಇರಲಿಲ್ಲ. ಅವನ ಮೈಗೆ ಏನೋ ಆಗಿತ್ತು, ಅದನ್ನು ಅವನು ಮುಚ್ಚಿಟ್ಟಿದ್ದ. ಆ ಸಮಾಧಾನ ಉಸಿರಷ್ಟು ಹೊತ್ತೂ ನಿಲ್ಲಲಿಲ್ಲ. ಒಂದು ವರ್ಷ. ಅವನು ಒಂದು ವರ್ಷದಿಂದ ಯಾವ ಕಣ್ಗಾವಲೂ ಇಲ್ಲದೆ ಬಿಸಿಲಿನಲ್ಲಿ ಟ್ರಂಪೆಟ್ ಊದುತ್ತ ನಡೆದಿದ್ದ.

"ಮೇಡಂ, ಇದು ನಮ್ಮ ಮನಿಯವರ ಉಂಗುರ್ರಿ," ಎಂದಳು. "ಆದ್ರ ಬೆರಳು ಅವರದಲ್ಲ."

ಝುಬೇದಾ ಕುರ್ಚಿಯಿಂದ ಎದ್ದು ನಿಂತರು. ಆಮೇಲೆ ಸತ್ತವರ ಮಾಹಿತಿಯನ್ನು ಒಂದೊಂದಾಗಿ ತೆಗೆದರು. ಈಗ ಅವರು ನಾಳವನ್ನು ನೋಡುತ್ತಿರಲಿಲ್ಲ. ಬೆರಳು ಯಾರದೆಂದು ಹುಡುಕುತ್ತಿದ್ದರು. ಬೆಟಗೇರಿಯ ಶಂಕ್ರಪ್ಪನ ಉಂಗುರದಲ್ಲಿ ಮೈಯ ಬಿಸಿ ತಿಂಗಳ ಅರ್ಧ ತಗ್ಗಾಗಿ, ಉಳಿದರ್ಧ ತುಸು ಏರಿ, ಮತ್ತೆ ಇಳಿದಿತ್ತು. ಮುಂದಿನ ತಿಂಗಳೂ ಹಾಗೆಯೇ, ಅದರ ಮುಂದಿನ ತಿಂಗಳೂ ಹಾಗೆಯೇ.

"ಇದು ಹೆಂಗಸಿನ ಮೈ," ಎಂದರು ಝುಬೇದಾ.

ಶಂಕ್ರಪ್ಪ ಸತ್ತ ಮೇಲೆ ವಿಚಾರಿಸಲು ಅವನ ಹೆಂಡತಿ ನೀಲಮ್ಮನಿಗೆ ಫೋನ್ ಮಾಡಿದ್ದು ದಾಕ್ಷಾಯಣಿಯೇ. ಗಂಡನ ಉಂಗುರ ಹಸಿರೇ ಇತ್ತಲ್ಲವೇ ಎಂದು ಕೇಳಿದಾಗ ಆಕೆ ಅತ್ತಿರಲಿಲ್ಲ, ಬೈದಿರಲಿಲ್ಲ. "ಹೌದ್ರಿ" ಎಂದು ಫೋನ್ ಇಟ್ಟಿದ್ದಳು. ಆಗ ದಾಕ್ಷಾಯಣಿಗೆ ಅದು ವಿಚಿತ್ರವೆನ್ನಿಸಿತ್ತು. ಈಗ ಪರದೆಯ ತುಂಬ ಮಿನುಗುತ್ತಿದ್ದ ಊರಿನ ಹಸಿರನ್ನು ನೋಡಲು ಅವಳಿಗೆ ಹೆದರಿಕೆಯಾಯಿತು. ಇದರಲ್ಲಿ ಯಾವುದು ಯಾರ ಬೆರಳೋ.

"ನೀವು ಮನಿಗೆ ಹೋಗ್ರಿ. ಈಗಿಂದೀಗ," ಎಂದರು ಝುಬೇದಾ. "ಆ ಉಂಗುರ ಅವರ ಬೆರಳಿಗೆ ಹಾಕ್ರಿ. ಬೆರಳಿಂದ ತೆಗೆದು ಮತ್ತ ಹಾಕಿದ್ರ ಅದು ಮೊದಲಿಂದ ಅಳೀಲಿಕ್ಕೆ ಅರ್ಧ ತಾಸು ತೊಗೊಳ್ತದ. ಅಲ್ಲೀ ತನಕ ದೀಪ ಬೆಳ್ಳಗಿರ್ತದ. ಆಮ್ಯಾಲೆ ನನಗ ಫೋನ್ ಮಾಡ್ರಿ. ಬ್ಯಾರೆ ಯಾರಿಗೂ ಬ್ಯಾಡ."

ಬ್ಯಾಂಡಿನವರ ಕೋಣೆ ಹಳೇ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಫಕ್ಕೀರೇಶ ಒಬ್ಬನೇ ಕೂತು ಡ್ರಮ್ಮಿನ ಹಗ್ಗ ಬಿಗಿಯುತ್ತಿದ್ದ. ಅವನ ಎಡಗೈಯ ಬೆರಳಿಗೆ ಬಿಳಿ ಪಟ್ಟಿ ಸುತ್ತಿತ್ತು. ಡ್ರಮ್ ಬಾರಿಸುವವರ ಬೆರಳಿಗೆ ಪಟ್ಟಿ ಇದ್ದರೆ ಯಾರೂ ತಿರುಗಿ ನೋಡುವುದಿಲ್ಲ.

"ಪಟ್ಟಿ ಬಿಚ್ಚು," ಎಂದಳು ದಾಕ್ಷಾಯಣಿ.

ಅವನು ಅವಳ ಮುಖ ನೋಡಿದ. ವಾದ ಮಾಡಲಿಲ್ಲ. ಪಟ್ಟಿಯ ಕೆಳಗೆ ಹಸಿರು ದೀಪ ಮಿಣುಕುತ್ತಿತ್ತು.

"ಅಣ್ಣಾರು ಸ್ವಲ್ಪ ದಿನ ಅಷ್ಟ ಅಂದಿದ್ರು ವೈನಿ. ಅವರ ಕೈಯಾಗಿಂದು ನಕಲಿ ಉಂಗುರ, ಸ್ಟೇಶನ್ ರೋಡಿನ್ಯಾಗ ತೊಗೊಂಡಿದ್ದು. ಬ್ಯಾಟರಿ ಹಾಕಿದ್ದು."

"ನಿನಗ ಗೊತ್ತಿತ್ತೇನು, ಯಾಕ ಅಂತ?"

ಫಕ್ಕೀರೇಶ ಹಗ್ಗವನ್ನು ಕೈಗೆ ಸುತ್ತಿಕೊಂಡ. "ಎಲ್ಲಾರಿಗೂ ಗೊತ್ತಿರ್ತೈತಲ್ಲ ವೈನಿ, ಯಾಕ ಅಂತ. ನಾ ಕೇಳಲಿಲ್ಲ. ಕೇಳಿದ್ರ ಅವರ ಮಾರಿ ಹೆಂಗ ನೋಡ್ಲಿ?" ಹಗ್ಗವನ್ನು ಕೆಳಗಿಟ್ಟು, "ಮ್ಯಾಲಿನ ಸ್ವರ ಈಗ ಅವರು ಹಚ್ಚೂದಿಲ್ರಿ. ಕ್ಲಾರಿನೆಟ್ಟಿನವಗ ಬಿಟ್ಟುಕೊಡ್ತಾರ. ನಾಳೆ ಲಕ್ಷ್ಮೇಶ್ವರದಾಗ ದೊಡ್ಡ ಮದುವಿ ಐತಿ. ಬಿಸಲಾಗ ಅಷ್ಟು ದೂರ ನಡೀಬೇಕು. ನನಗೂ ಅಂಜಿಕಿ ಆಗೈತಿ," ಎಂದ.

ಅವಳು ಉಂಗುರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಆಟೋ ಹತ್ತಿದಳು.

ಚನ್ನವೀರ ಊಟಕ್ಕೆ ಕುಳಿತಿದ್ದ. ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿ ಬಾಯಿಗಿಡದೆ ಹಾಗೇ ಹಿಡಿದುಕೊಂಡಿದ್ದ. ಅವಳು ಹೊತ್ತಲ್ಲದ ಹೊತ್ತಿಗೆ ಬಂದದ್ದನ್ನು ನೋಡಿ, "ಯಾಕ, ಆರಾಮಿಲ್ಲೇನು?" ಎಂದ.

ಅವಳು ಗಂಟು ಬಿಚ್ಚಿ ಉಂಗುರವನ್ನು ತಾಟಿನ ಪಕ್ಕದಲ್ಲಿಟ್ಟಳು.

ಅವನ ಮುಖದ ಬಣ್ಣ ಹೋಯಿತು. ನಂತರ ಅದೇ ಮುಖ ಬಿಗಿಯಿತು. "ಫಕ್ಕೀರ್ಯಾ ಕೊಟ್ನೇನು?"

"ಅವಂಗೇನ ಅನಬ್ಯಾಡ್ರಿ. ಅವನ ಕೈ ಬಾರಿಸಿದ್ದು ನಾ ಆಫೀಸಿನ್ಯಾಗ ಕೇಳಿದೆ."

"ಹಂಗಾರ ಆಫೀಸಿನ್ಯಾಗ ಎಲ್ಲಾರೂ ಕೇಳ್ಯಾರ." ಅವನು ರೊಟ್ಟಿಯನ್ನು ತಾಟಿಗೆ ಹಾಕಿದ. "ಭಾಳ ಛಲೋ ಆತು. ಇನ್ನ ಡಂಗುರ ಸಾರಸು."

"ಬೆರಳು ಕೊಡ್ರಿ."

"ನಾಳೆ ಮದುವಿ ಐತಿ. ಮದುವಿ ಮುಗೀಲಿ."

"ಬೆರಳು ಕೊಡ್ರಿ ಅಂದೆ."

ಮದುವೆಯಾಗಿ ಹದಿನೇಳು ವರ್ಷಗಳಲ್ಲಿ ಅವಳು ಆ ದನಿಯಲ್ಲಿ ಮಾತಾಡಿರಲಿಲ್ಲ. ಅವನು ಕೈ ತೊಳೆಯದೆಯೇ ಎಡಗೈ ಮುಂದೆ ಚಾಚಿದ. ಅಂಗಡಿಯ ಉಂಗುರ ತೆಗೆದು ಇದನ್ನು ಹಾಕುವಾಗ ಅವಳಿಗೆ ಅವನ ಅಂಗೈಯ ತಣ್ಣನೆಯ ಬೆವರು ತಾಗಿತು. ದೀಪ ಆರಿ ಬೆಳ್ಳಗೆ ಮಿನುಗತೊಡಗಿತು.

ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕೂತರು. ಹೊರಗೆ ತರಕಾರಿಯವನು ಕೂಗುತ್ತ ಹೋದ. ಅರ್ಧ ತಾಸು ಮುಗಿಯುತ್ತ ಬಂದಾಗ ಚನ್ನವೀರ ಮಾತಾಡಿದ, ಅವಳ ಮುಖ ನೋಡದೆ, ಬೆರಳನ್ನೇ ನೋಡುತ್ತ.

"ಮೊದಲನೇ ಸಲ ದಣಿವು ಅನ್ಕೊಂಡೆ. ಎರಡನೇ ಸಲ ಕುಡದಿದ್ದಕ್ಕ ಅನ್ಕೊಂಡೆ. ಕುಡಿಯೂದು ಬಿಟ್ಟೆ. ಆದ್ರೂ ಆಗ್ಲಿಲ್ಲ. ಅದಾಗಿ ಸ್ವಲ್ಪ ದಿನಕ್ಕ ಉಂಗುರ ಹಳದಿ ಆತು. ನೀ ಅವತ್ತ ತವರಮನಿಗೆ ಹೋಗಿದ್ದಿ. ಕೇಂದ್ರದಿಂದ ಫೋನ್ ಬರೂದ್ರೊಳಗ ಕಿತ್ತು ಅವನ ಬೆರಳಿಗೆ ಹಾಕ್ದೆ."

"ನನಗ ಹೇಳಬೇಕಿತ್ತು."

"ನಿನಗ ಹೆಂಗ ಹೇಳ್ಲಿ? ದಿನಾ ಸಂಜಿಗೆ ಬಂದು ನೀನ ಹೇಳ್ತಿದ್ದಿ, ಅಂಥಾ ಗಂಡಸರು ಫೋನಿನ್ಯಾಗ ಹೆಂಗ ಸುಳ್ಳು ಹೇಳ್ತಾರ ಅಂತ. ನೀ ನಗ್ತಿದ್ದಿ. ನಾನೂ ನಗ್ತಿದ್ದೆ." ಅವನು ತಾಟನ್ನು ಅತ್ತ ಸರಿಸಿದ. "ಮತ್ತ ನನ್ನ ಉದ್ಯೋಗ ಎಂಥಾದ್ದು? ಮದುಮಗನ ಮುಂದ ನಡಿಯಾಂವ ನಾನು. ಹಳದಿ ಬೆರಳಿನಾಂವ ಮುಂದ ನಡದ್ರ ಅಪಶಕುನ ಅಂತಾರ. ರೋಣದಾಗ ಒಬ್ಬ ಫೋಟೋದವನ್ನ ಮಂಟಪದಿಂದ ಇಳಿಸಿದ್ದು ನಾನ ನೋಡೀನಿ."

ದಾಕ್ಷಾಯಣಿಗೆ ತನ್ನ ನಗು ನೆನಪಾಯಿತು. ಫೋನಿನ ಆ ತುದಿಯವರ ಮನೆಗಳಲ್ಲೂ ಒಬ್ಬೊಬ್ಬಳು ಹೆಂಡತಿ ಇರುತ್ತಾಳೆಂದು ಅವಳು ಎಂದೂ ಯೋಚಿಸಿರಲಿಲ್ಲ.

"ನಾ ಒಂದು ವರ್ಷ ಕನ್ನಡಿ ಮುಂದ ನಿಂತೀನ್ರೀ," ಎಂದಳು.

"ಯಾಕ?"

"ನಿಮಗ ನಾ ಬ್ಯಾಡ ಆದ್ನೇನೋ ಅಂತ. ಆ ಹಾಡು ಹೇಳೋ ಹುಡುಗಿ..."

ಚನ್ನವೀರ ಮೊದಲ ಸಲ ತಲೆ ಎತ್ತಿದ. ಅವನಿಗೆ ಇದು ಹೊಳೆದೇ ಇರಲಿಲ್ಲವೆಂಬುದು ಅವನ ಕಣ್ಣಿನಲ್ಲೇ ಕಂಡಿತು. "ಹುಚ್ಚಿ," ಎಂದ ಮೆಲ್ಲಗೆ. "ಬಾಗಲಾ ಹಾಕ್ಕೊಂಡು ನೀ ಒಳಗ ಮಲಗ್ತಿದ್ದಿ, ನಾ ಹೊರಗ ಬಾಗಲಾ ನೋಡ್ಕೋತ ಮಲಗ್ತಿದ್ದೆ."

ಅವಳು ಅವನ ಕೈ ಹಿಡಿದಳು. ಆಗ ದೀಪ ಹಳದಿಗೆ ತಿರುಗಿತು. ಇಬ್ಬರೂ ಅದನ್ನು ಕಾಯುತ್ತಿದ್ದುದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. "ಆತು," ಎಂದು ಅವನು ಏಳಲು ಹೋದ. "ನಾಡಿದ್ದು ತೋರಸೂಣು. ನಾಳಿಂದೊಂದು ಮುಗೀಲಿ."

ಅವನು ಪೂರ್ತಿ ಎದ್ದು ನಿಲ್ಲುವಷ್ಟರಲ್ಲಿ ಹಳದಿ ನಡುಗಿ, ಆರಿ, ಕೆಂಪಾಯಿತು.

ಎರಡು ವರ್ಷದಲ್ಲಿ ದಾಕ್ಷಾಯಣಿ ಕೆಂಪನ್ನು ಪರದೆಯ ಮೇಲೆ ಮಾತ್ರ ಕಂಡಿದ್ದಳು. ಬೆರಳಿನ ಮೇಲೆ ಅದು ಅಷ್ಟು ಸಣ್ಣದಾಗಿರುತ್ತದೆಂದು ಗೊತ್ತಿರಲಿಲ್ಲ.

"ಕೂಡ್ರಿ," ಎಂದಳು. "ಏಳಬ್ಯಾಡ್ರಿ. ಎದಿ ನೋಯ್ತೈತೇನ್ರಿ?"

"ಎದಿ ಇಲ್ಲ. ಮುಂಜಾನಿಂದ ದವಡಿ ನೋಯಾಕತ್ತೈತಿ. ಊದಿ ಊದಿ ಹಿಂಗಾಗೈತಿ ಅನ್ಕೊಂಡಿದ್ದೆ."

ಊಟ ಮಾಡದೆ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕುಳಿತದ್ದು ಅದಕ್ಕೆಂದು ಆಗ ಅವಳಿಗೆ ತಿಳಿಯಿತು. ಹೃದಯದ ನೋವು ದವಡೆಗೆ ಬರುತ್ತದೆಂದು ಅವಳು ಫೋನಿನಲ್ಲಿ ಎಷ್ಟೋ ಜನರಿಗೆ ಹೇಳಿದ್ದಳು. ಹಗಲಿಡೀ ಟ್ರಂಪೆಟ್ ಊದುವವನ ದವಡೆ ನೋಯುವುದು ಯಾರಿಗೆ ವಿಶೇಷ. ಅವಳು ಝುಬೇದಾರಿಗೆ ಫೋನ್ ಹಚ್ಚಿದಳು. ಅವಸರದಲ್ಲಿ ಎರಡು ಸಲ ಬೇರೆ ಹೆಸರಿನ ಮೇಲೆ ಒತ್ತಿದಳು. ಅಷ್ಟರಲ್ಲಿ ಪರದೆಯ ಮೇಲೆ ಆ ಚುಕ್ಕಿ ಕೆಂಪಾದದ್ದನ್ನು ಅವರು ಕಂಡಾಗಿತ್ತು. ಆಂಬುಲೆನ್ಸ್ ಹೊರಟಾಗಿತ್ತು.

ಹುಬ್ಬಳ್ಳಿಯ ದಾರಿಯಲ್ಲಿ, ಅಣ್ಣಿಗೇರಿ ದಾಟುವ ಹೊತ್ತಿಗೆ, ಅವನಿಗೆ ಎದೆ ಹಿಡಿಯಿತು. ಬೆವರು ಧಾರೆಯಾಗಿ ಇಳಿಯಿತು. ಸಂಗಡ ಇದ್ದ ನರ್ಸ್ ನಾಲಗೆಯ ಕೆಳಗೆ ಗುಳಿಗೆ ಇಟ್ಟು, ಸೂಜಿ ಚುಚ್ಚಿ, ಡ್ರೈವರನಿಗೆ ಏನೋ ಹೇಳಿದಳು. ಗಾಡಿಯ ವೇಗ ಹೆಚ್ಚಾಯಿತು. ದಾಕ್ಷಾಯಣಿ ಅವನ ಪಾದ ಹಿಡಿದುಕೊಂಡು ಕೂತಿದ್ದಳು. ಹಿಡಿಯಲು ಸಿಕ್ಕಿದ್ದು ಅದೊಂದೇ. ಅವನ ತುಟಿ ಆಡುತ್ತಿತ್ತು. ಬಗ್ಗಿ ಕೇಳಿದರೆ, "ಫಕ್ಕೀರ್ಯಾಗ ಹೇಳು, ನಾಳೆ ನನ್ನ ಬದಲಿ ಅಂವ ಮುಂದ ನಡೀಲಿ," ಎನ್ನುತ್ತಿದ್ದ.

ಆಸ್ಪತ್ರೆಯಲ್ಲಿ ಅವನನ್ನು ನೇರವಾಗಿ ಒಳಗೆ ಒಯ್ದರು. ಹೃದಯದ ಒಂದು ನಾಳ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ತೊಡೆಯಿಂದ ತಂತಿ ಹಾಯಿಸಿ ಅದನ್ನು ಬಿಡಿಸಿ, ಮತ್ತೆ ಮುಚ್ಚಿಕೊಳ್ಳದ ಹಾಗೆ ಒಳಗೆ ಜಾಳಿಗೆ ಕೂಡಿಸಿದರು. ಆಸ್ಪತ್ರೆಯ ದಾರಿಯಲ್ಲಿದ್ದಾಗಲೇ ಎದೆ ಹಿಡಿದದ್ದರಿಂದ ಹೃದಯಕ್ಕೆ ಹೆಚ್ಚು ಪೆಟ್ಟು ಬೀಳಲಿಲ್ಲ, ನಾಳೆ ನಡುರಸ್ತೆಯಲ್ಲಿ ಬಿದ್ದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರ್. ಹಾಸಿಗೆಯ ಸೋಲಿನ ಪ್ರಶ್ನೆಯನ್ನು ದಾಕ್ಷಾಯಣಿಯೇ ಕೇಳಿದಳು, ಗಂಡನ ಎದುರಿಗೇ. ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ. ಉರಿಯೂತ ಇಳಿದು ನಾಳಗಳು ಚೇತರಿಸಿಕೊಂಡರೆ ಅದೂ ಸುಧಾರಿಸಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ, ಖಾತ್ರಿ ಕೊಡಲಾಗದು; ಆದರೆ ಅಂಗಡಿಯಿಂದ ತಾನಾಗಿ ಗುಳಿಗೆ ತಂದು ನುಂಗುವುದು ಮಾತ್ರ ಬೇಡ, ಹೃದಯದ ಕೆಲವು ಔಷಧಿಗಳ ಜೊತೆ ಅದು ಜೀವಕ್ಕೇ ಕೇಡು ಎಂದರು. ಚನ್ನವೀರ ಗೋಡೆಯ ಕಡೆ ನೋಡುತ್ತ ಎಲ್ಲ ಕೇಳಿಸಿಕೊಂಡ. ಮನೆಗೆ ಬಂದ ದಿನ ಹಾಲ್‌ನ ಮಂಚದ ಮೇಲಿನ ಹಾಸಿಗೆಯನ್ನು ಸುತ್ತಿ ತಾನೇ ಒಳಗೆ ಎತ್ತಿಡಲು ಹೋದ. ಭಾರ ಎತ್ತಬಾರದೆಂದು ಬೈದು ಅವಳು ಕಸಿದುಕೊಂಡಳು.

ಸಮಿತಿಯ ಮುಂದೆ ಝುಬೇದಾ ಕಿತ್ತೂರ ಉಂಗುರವನ್ನು ಸಮರ್ಥಿಸಿಕೊಳ್ಳಲಿಲ್ಲ. ಉಂಗುರ ಸುಳ್ಳು ಹೇಳಿಲ್ಲ, ಆದರೆ ಸತ್ಯ ಹೇಳುವುದನ್ನು ಜನ ತಾಳಲಾಗದ ಹಾಗೆ ನಾವೇ ಅದನ್ನು ಮಾಡಿದೆವು, ಹೊರಗೆ ದೀಪ ಇಟ್ಟದ್ದು ನನ್ನ ನಿರ್ಧಾರ ಎಂದರು. ಹಸಿರು ಉಂಗುರಗಳಲ್ಲಿ ಎಷ್ಟೋ ಬೇರೆಯವರ ಬೆರಳಿನಲ್ಲಿದ್ದವು. ಹೆಂಡತಿಯರ ಬೆರಳಲ್ಲಿ, ಅಳಿಯಂದಿರ ಬೆರಳಲ್ಲಿ, ಒಂದಂತೂ ಮೊಮ್ಮಗನ ಕಾಲಿನ ಹೆಬ್ಬೆರಳಿನಲ್ಲಿತ್ತು. ದೀಪವಿಲ್ಲದ, ಹಾಕಿಕೊಂಡವನಿಗೆ ಮಾತ್ರ ಸಣ್ಣಗೆ ಮಿಡಿದು ತಿಳಿಸುವ ಉಂಗುರ ಮಾಡಲು ಸಮಿತಿ ಒಪ್ಪಿತು. ಅದು ಬರುವವರೆಗೆ ಹಳೆಯದೇ ಗತಿ. ದಾಕ್ಷಾಯಣಿ ಈಗ ಫೋನ್ ಹಚ್ಚಿದಾಗ ಮೊದಲು ಊಟ ಆಯಿತೇ ಎಂದು ಕೇಳುತ್ತಿದ್ದಳು. ಆಮೇಲೆ, ನಮ್ಮ ಮನಿಯವರಿಗೂ ಹಿಂಗ ಆಗಿತ್ತು ನೋಡ್ರಿ, ಎನ್ನುತ್ತಿದ್ದಳು. ಫೋನ್ ಇಡುವವರು ಇಡುತ್ತಲೇ ಇದ್ದರು. ಆದರೆ ಇಡದೆ ಕೇಳುವವರೂ ಸಿಕ್ಕರು.

ಕಮಲಾ ಬ್ಯಾಂಡಿಗೆ ಮಾತ್ರ ಕರೆಗಳು ನಿಂತುಹೋದವು. ಚನ್ನವೀರನ ಬೆರಳು ಕೆಂಪಿನಿಂದ ಹಳದಿಗೆ ಇಳಿದಿತ್ತು, ಹಳದಿಯಲ್ಲೇ ನಿಂತಿತ್ತು. ಮುಂಗಡ ಕೊಟ್ಟವರು ಏನೇನೋ ನೆಪ ಹೇಳಿ ವಾಪಸು ಕೇಳಿದರು. ಅವನು ದಿನವಿಡೀ ಕಿಟಕಿಯ ಹತ್ತಿರ ಕೂತಿರುತ್ತಿದ್ದ. ಅವನ ಉಸಿರು ಸ್ವಲ್ಪ ಜೋರಾದರೂ ದಾಕ್ಷಾಯಣಿ ಒಲೆ ಆರಿಸಿ ಓಡಿ ಬರುತ್ತಿದ್ದಳು.

ಒಂದು ಸಂಜೆ ಬೆಟಗೇರಿಯಿಂದ ನೀಲಮ್ಮ ಬಂದಳು. ಸತ್ತ ಸೀರೆ ವ್ಯಾಪಾರಿಯ ಹೆಂಡತಿ. ಚಹಾ ಬೇಡವೆಂದು, ಚಾಪೆಯ ತುದಿಯಲ್ಲಿ ಕೂತು, "ಮಗಳ ಮದುವಿ ಐತ್ರಿ ಮಾಸ್ತರ್ರ. ನಿಮ್ಮ ಬ್ಯಾಂಡ ಬರಬೇಕು," ಎಂದಳು.

ಚನ್ನವೀರ ಬೆರಳು ತೋರಿಸಿದ. "ನೋಡೀರೇನ್ರಿ ಅಕ್ಕಾರ? ನಿಮ್ಮ ಬೀಗರು ಅಪಶಕುನ ಅಂದಾರು."

"ಅಂದ್ರ ಅನ್ಲಿ. ಅಪಶಕುನ ಅಂದ್ರ ನಾನೂ ಅದೀನಲ್ಲ. ಗಂಡ ಇಲ್ಲದಾಕಿ ಮಗಳ ಮದುವಿ ಮಾಡಾಕತ್ತೀನಿ." ನೀಲಮ್ಮ ದಾಕ್ಷಾಯಣಿಯ ಕಡೆ ತಿರುಗಿದಳು. "ಉಂಗುರ ನನ್ನ ಬೆರಳಾಗಿತ್ತು. ಅವರು ಹಾಕ್ಕೋ ಅಂದ್ರು, ಹಾಕ್ಕೊಂಡೆ. ಗಂಡನ ಮರ್ಯಾದಿ ಅಂತ ತಿಳಕೊಂಡೆ. ನಿಮಗ ಆಮ್ಯಾಲೆ ಗೊತ್ತಾತು, ಹೌದಲ್ರಿ? ಆದ್ರೂ ಯಾಕ ಹಂಗ ಮಾಡಿದಿ ಅಂತ ನೀವು ನನಗ ಮತ್ತ ಫೋನ್ ಮಾಡಿ ಕೇಳ್ಲಿಲ್ಲ."

ದಾಕ್ಷಾಯಣಿ ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತಳು.

ಮದುವೆಯ ದಿನ ಚನ್ನವೀರ ಕೆಂಪು ಕೋಟು ಹಾಕಿದ. ಟ್ರಂಪೆಟ್ ಊದಲು ಇನ್ನೂ ಅನುಮತಿ ಇರಲಿಲ್ಲ. ಅದನ್ನು ಇನ್ನೊಬ್ಬನ ಕೈಗೆ ಕೊಟ್ಟು, ಬರೀ ಕೈ ಬೀಸುತ್ತ ಮುಂದೆ ನಡೆಯುವುದೆಂದು ಡಾಕ್ಟರರ ಹತ್ತಿರ ಒಪ್ಪಂದವಾಗಿತ್ತು. ಬೀಗರ ಗುಂಪಿನಲ್ಲಿ ಮೊದಲು ಗುಸುಗುಸು ಆಯಿತು. ಯಾರೋ ಹುಡುಗರು ನಕ್ಕರು. ಅವನು ಎಡಗೈ ಎತ್ತಿದ, ಬ್ಯಾಂಡು ಶುರುವಾಯಿತು, ಗುಸುಗುಸು ಅದರಲ್ಲಿ ಮುಳುಗಿತು. ದಾಕ್ಷಾಯಣಿ ಹೆಂಗಸರ ಸಾಲಿನಲ್ಲಿ ನಡೆಯುತ್ತಿದ್ದಳು. ಅವಳು ಹಾಡು ಕೇಳುತ್ತಿರಲಿಲ್ಲ. ಅವನ ಬೆನ್ನನ್ನೇ ನೋಡುತ್ತಿದ್ದಳು, ಕೋಟಿನ ಬಟ್ಟೆ ಉಸಿರಿಗೆ ಏರಿ ಇಳಿಯುವುದನ್ನು.

ನೇಕಾರ ಓಣಿಯ ಏರಿನಲ್ಲಿ ಅವನು ನಿಂತುಬಿಟ್ಟ.

ಬ್ಯಾಂಡು ನಿಂತಿತು. ಕುದುರೆ ನಿಂತಿತು. ಮೇಲೆ ಕೂತ ಮದುಮಗ ಬಾಸಿಂಗದ ನಡುವಿನಿಂದ ಏನಾಯಿತೆಂದು ನೋಡಿದ. ದಾಕ್ಷಾಯಣಿ ಹೆಂಗಸರನ್ನು ಸರಿಸಿ ಮುಂದೆ ಬರತೊಡಗಿದಳು. ಚನ್ನವೀರ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿದ. ಆಮೇಲೆ ತಿರುಗಿ ಜನರ ನಡುವೆ ಅವಳನ್ನು ಹುಡುಕಿ, ಕಂಡು, ಸ್ವಲ್ಪ ತಡಿ ಎಂಬಂತೆ ಅಂಗೈ ತೋರಿಸಿದ. ಅವನ ಮುಖದಲ್ಲಿ ನೋವಿರಲಿಲ್ಲ, ದಣಿವಿತ್ತು. ಅದನ್ನು ಅವನು ಮುಚ್ಚಿಕೊಳ್ಳಲೂ ಇಲ್ಲ.

ಬೀಗರಲ್ಲಿ ಒಬ್ಬರು, "ಹೊತ್ತಾಕ್ಕೈತಿ, ಮುಂದ ನಡೀರಿ," ಎಂದರು. ನೀಲಮ್ಮ ಹಿಂದಿನಿಂದ, "ತಡೀರಿ. ಮಾಸ್ತರು ಉಸರ ತೊಗೊಳ್ಳಿ," ಎಂದಳು. ಫಕ್ಕೀರೇಶ ಕೋಲನ್ನು ಡ್ರಮ್ಮಿಗೆ ತಾಗಿಯೂ ತಾಗದಂತೆ ಆಡಿಸತೊಡಗಿದ, ಮೆರವಣಿಗೆ ಮುರಿಯದ ಹಾಗೆ, ಅವಸರವೂ ಆಗದ ಹಾಗೆ.

ಚನ್ನವೀರ ನೆಟ್ಟಗೆ ನಿಂತು, ಕೋಟು ಕೆಳಗೆ ಜಗ್ಗಿಕೊಂಡು, ಕೈ ಮೇಲೆತ್ತಿದ. ಬಿಸಿಲು ಏರಿತ್ತು. ಅಕ್ಷತೆಗೆ ಇನ್ನೂ ಹೊತ್ತಿತ್ತು.